ಚಿಕಿತ್ಸಾ ನಿರ್ಣಯದಲ್ಲಿ ಗಣಕದ ನೆರವು

ರೋಗಿಯ ವಯಸ್ಸು, ರೋಗಲಕ್ಷಣ, ಪರೀಕ್ಷಾ ವರದಿ ಮೊದಲಾದ ವಿವರಗಳನ್ನು ವೈದ್ಯಕೀಯ ಜ್ಞಾನದೊಡನೆ ತಾಳೆ ನೋಡಿ ವೈದ್ಯರಿಗೆ ಸಲಹೆ ನೀಡುವ ಗಣಕ ವ್ಯವಸ್ಥೆಗಳು ಅರ್ಧ ಶತಮಾನದಿಂದ ರೂಪುಗೊಳ್ಳುತ್ತ ಬಂದಿವೆ. ಇವುಗಳ ಯೋಗ್ಯತೆಯನ್ನು ಅಳೆಯುವ ಮಾನದಂಡ ಯಾವುದೆಂಬುದು ಮುಖ್ಯ ಪ್ರಶ್ನೆ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಮತ್ತು ಸಂಗಡಿಗರು ತೀವ್ರ ಹೊಟ್ಟೆನೋವಿನ 304 ರೋಗಿಗಳನ್ನು ಅಭ್ಯಸಿಸಿ 1972ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಣಕದ ರೋಗನಿದಾನ ಶೇ. 91.8ರಷ್ಟು ಸರಿಯಾಗಿತ್ತು, ತಂಡದ ಹಿರಿಯ ವೈದ್ಯರದು ಶೇ. 79.6. ಇಲ್ಲಿ ಒರೆಗಲ್ಲಾಗಿದ್ದುದು ಕೊನೆಗೆ ಖಚಿತಪಟ್ಟ ರೋಗವೇ.

ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯ ಅಧ್ಯಯನದ ಸ್ವರೂಪ ಭಿನ್ನವಾದುದು. ಅಲ್ಲಿನ ತಜ್ಞ ಮಂಡಳಿಯು 2014ರಿಂದ 2016ರವರೆಗೆ 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ನೀಡಿದ್ದ ಸಲಹೆಗಳನ್ನು ಐಬಿಎಂ ಸಂಸ್ಥೆಯ ‘ವಾಟ್ಸನ್’ ನೀಡಿದ ಸಲಹೆಗಳೊಡನೆ ಹೋಲಿಸಲಾಯಿತು. ಭಿನ್ನಾಭಿಪ್ರಾಯವಿದ್ದ ಪ್ರಕರಣಗಳನ್ನು ಮಂಡಳಿ ಮರುಪರಿಶೀಲಿಸಿದ ಬಳಿಕ ಶೇ. 93ರಷ್ಟು ಸಹಮತ ಕಂಡುಬಂದಿತೆಂದು 2018ರಲ್ಲಿ ಪ್ರಕಟವಾಯಿತು. ರೋಗದ ಮೊದಲ ಹಾಗೂ ನಾಲ್ಕನೆಯ ಹಂತಗಳಲ್ಲಿ ಸಹಮತ ಕಡಿಮೆಯಿತ್ತು.

ಸಹಮತವೆಂದರೆ ರೋಗಿಗೆ ಒದಗಿದ ಹಿತವಲ್ಲ ಎಂಬುದು ಗಮನಾರ್ಹ. ತಜ್ಞರು ಹೇಳುವುದನ್ನೇ ಗಣಕವೂ ಹೇಳಿದರೆ, ತಜ್ಞರಿರುವ ನಗರಕ್ಕೆ ಅದರಿಂದಾಗುವ ಲಾಭ ಅಲ್ಪ. ಅದರ ನಿಜವಾದ ಅಗತ್ಯವಿರುವುದು ಅಂಥ ಮಂಡಳಿಯಿಲ್ಲದ ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳಿಗೆ. ಆದರೆ ಗಣಕ ತಪ್ಪಿದಾಗ ಅದನ್ನು ಗುರುತಿಸುವವರು ವಿರಳವಾಗಿರುವುದೂ ಅಲ್ಲಿಯೇ. ಆದುದರಿಂದ ಸಲಹೆಯೊಡನೆ ಅದರ ಕಾರಣವನ್ನೂ ತಿಳಿಸುವ, ಸ್ಥಳೀಯ ರೋಗಿಗಳ ಚೇತರಿಕೆಯನ್ನೇ ಒರೆಗಲ್ಲಾಗಿಸಿಕೊಂಡ ವ್ಯವಸ್ಥೆಗಳು ಮಾತ್ರ ಗ್ರಾಮೀಣ ವೈದ್ಯರ ವಿಶ್ವಾಸಕ್ಕೆ ಅರ್ಹವಾಗುತ್ತವೆ.