ವೃತ್ತದಿಂದ ವೃತ್ತಕ್ಕೆ ಗೆರೆ ಎಳೆಯಬಾರದು

ಪೆಟ್ರಿ ನೆಟ್ ಎಂಬ ಚಿತ್ರಭಾಷೆಯ ಸಾಮಗ್ರಿ ಬಹಳ ಕಡಿಮೆ: ಸ್ಥಿತಿಗೊಂದು ವೃತ್ತ, ಅದರೊಳಗೆ ಚುಕ್ಕೆಗಳು, ಘಟನೆಗೊಂದು ಪಟ್ಟಿ, ಇವನ್ನು ಸೇರಿಸುವ ಬಾಣ. ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರಲ್ಲಿ ಮಂಡಿಸಿದ ಡಾಕ್ಟರೇಟ್ ಪ್ರಬಂಧ ಇದರ ಬೇರು. ಕಾರ್ಖಾನೆಯ ಯಂತ್ರಗಳ ಸರದಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನೂ ಇದರಲ್ಲಿ ಬಿಡಿಸಿ ಪರೀಕ್ಷಿಸಬಹುದು. ನಿಯಮ ಒಂದಿದೆ: ಬಾಣ ವೃತ್ತದಿಂದ ಪಟ್ಟಿಗೆ ಹೋಗಬೇಕು, ಇಲ್ಲವೇ ಪಟ್ಟಿಯಿಂದ ವೃತ್ತಕ್ಕೆ. ವೃತ್ತದಿಂದ ವೃತ್ತಕ್ಕೆ ಎಳೆದ ಬಾಣಕ್ಕೆ ಅರ್ಥವೇ ಇಲ್ಲ.

ಮಾಮೂಲಿ ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಇದೆಲ್ಲ ಗೊತ್ತಾಗದು. ಎಳೆದದ್ದೆಲ್ಲ ಅದಕ್ಕೆ ಗೆರೆಯೇ. ಇಂಥ ಚಿತ್ರಭಾಷೆಯ ಎಡಿಟರ್ ಎನಿಸಿಕೊಳ್ಳಬೇಕಾದರೆ ತಪ್ಪು ಬಾಣವನ್ನು ಅದು ಎಳೆಯಗೊಡಬಾರದು. ವೃತ್ತ ಅಳಿಸಿದರೆ ಅದಕ್ಕೆ ಅಂಟಿದ ಬಾಣಗಳೂ ಹೋಗಬೇಕು. ಯಾವ ಸ್ಥಿತಿಯಿಂದ ಯಾವ ಘಟನೆಗೆ ಸಂಬಂಧ ಎಂಬುದು ಕಡತದಲ್ಲಿ ಉಳಿಯಬೇಕು. ಆಗಲೇ ಬೇರೊಂದು ಪ್ರೋಗ್ರಾಮ್ ಆ ಚಿತ್ರವನ್ನು ಓದಿ ಲೆಕ್ಕ ಹಾಕೀತು.

ಇಂಥ ಎಡಿಟರ್ ಕಟ್ಟುವ ಶ್ರಮ ಇಳಿಸಲೆಂದೇ ಎಕ್ಲಿಪ್ಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯಲ್ಲಿ ಜಿಎಂಎಫ್ ಎಂಬ ಸಲಕರಣೆ ಬಂತು. ಜಾವಾ ಕೋಡನ್ನು ಅದೇ ಬರೆದುಕೊಡುತ್ತದೆ, ನಿಜ. ಆದರೆ ಮೊದಲು ನಾವು ಕೊಡಬೇಕಾದದ್ದನ್ನು ನೋಡಿ: ಭಾಷೆಯ ರಚನೆಗೊಂದು ಕಡತ, ಆಕಾರಗಳಿಗೊಂದು, ಬದಿಯ ಗುಂಡಿಗಳಿಗೊಂದು, ಈ ಮೂರನ್ನೂ ಗಂಟುಹಾಕಲು ಮತ್ತೊಂದು. ಇಷ್ಟಾದ ಮೇಲೆ ಇವುಗಳಿಂದ ಹುಟ್ಟುವ ಐದನೆಯದು ಕೋಡಿಗೆ ದಾರಿ. ‘ಸ್ಥಿತಿ’ ಎಂಬ ಒಂದೇ ಸಂಗತಿಯನ್ನು ನಾಲ್ಕು ಕಡೆ ಹೇಳಿ, ನಾಲ್ಕೂ ಕಡೆ ಹೊಂದಿಸಿಕೊಂಡಿರಬೇಕು. ಸುಲಭ ಮಾಡಲು ಬಂದದ್ದೇ ಹೊಸ ತಲೆನೋವಾಯಿತು.

ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಡಿಮಿಟ್ರಿಸ್ ಕೊಲೊವೊಸ್ ಮತ್ತು ಸಂಗಡಿಗರ ‘ಯೂಜೀನಿಯಾ’ ಎಂಬ ಸಲಕರಣೆ ಹಿಡಿದ ದಾರಿ ನನಗೆ ಮೆಚ್ಚುಗೆ. ಭಾಷೆಯ ರಚನೆ ಇರುವ ಕಡತದಲ್ಲೇ, ‘ಸ್ಥಿತಿ’ಯ ನೆತ್ತಿಯ ಮೇಲೆ ಒಂದು ಟಿಪ್ಪಣಿ ಸಾಲು: ಇದು ನೋಡ್, ಆಕಾರ ದುಂಡು, ಹಣೆಪಟ್ಟಿಯಾಗಿ ಇದರ ಹೆಸರು. ಬಾಣದ ಮೇಲೆ ಇನ್ನೊಂದು: ಇದು ಕೊಂಡಿ, ಇಲ್ಲಿಂದ ಹೊರಟು ಇಲ್ಲಿಗೆ ಮುಟ್ಟುತ್ತದೆ. ಅಷ್ಟೇ. ಜಿಎಂಎಫ್‌ಗೆ ಬೇಕಾದ ಮಿಕ್ಕ ಕಡತಗಳನ್ನು ಯೂಜೀನಿಯಾ ತಾನೇ ಹುಟ್ಟಿಸುತ್ತದೆ. ವೃತ್ತದಿಂದ ಪಟ್ಟಿಗೆ ಒಳಬಾಣ, ಪಟ್ಟಿಯಿಂದ ವೃತ್ತಕ್ಕೆ ಹೊರಬಾಣ ಎಂದು ಎರಡು ಬಗೆಯನ್ನು ರಚನೆಯಲ್ಲೇ ಬರೆದಿಟ್ಟರೆ, ವೃತ್ತದಿಂದ ವೃತ್ತಕ್ಕೆ ಮೌಸ್ ಎಷ್ಟೇ ಎಳೆದರೂ ಗೆರೆ ಮೂಡದು.

ತೊಡಕು ಆಮೇಲಿನದು. ಹುಟ್ಟಿದ ಕಡತವನ್ನು ಕೈಯಾರೆ ತಿದ್ದಿ ಅಂದಗೊಳಿಸಿದಿರಿ ಎನ್ನಿ. ನಾಳೆ ಭಾಷೆಗೆ ಒಂದು ಅಂಶ ಸೇರಿಸಿ ಮತ್ತೆ ಹುಟ್ಟಿಸಿದರೆ ತಿದ್ದಿದ್ದೆಲ್ಲ ನೀರುಪಾಲು. ಅದಕ್ಕೇ ಯೂಜೀನಿಯಾದಲ್ಲಿ ತಿದ್ದುಪಡಿಗಳನ್ನು ನಾವೇ ಪುಟ್ಟ ಪ್ರೋಗ್ರಾಮಾಗಿ ಬರೆದು ಪಕ್ಕದಲ್ಲಿ ಇರಿಸಬಹುದು. ಪ್ರತಿ ಸಲ ಹುಟ್ಟಿಸಿದಾಗಲೂ ಅದು ತಾನಾಗಿ ಮತ್ತೆ ಓಡುತ್ತದೆ. ಆದರೂ ತೀರಾ ವಿಚಿತ್ರ ವಿನ್ಯಾಸ ಬೇಕೆಂದು ಹಟ ಹಿಡಿದರೆ ಜಿಎಂಎಫ್‌ನ ಒಳಗುಟ್ಟು ಕಲಿಯದೆ ವಿಧಿಯಿಲ್ಲ.

ಫ್ರಾನ್ಸಿನ ಒಬಿಯೊ ಮತ್ತು ಥೇಲ್ಸ್ ಕಂಪನಿಗಳಿಂದ ಬಂದ ‘ಸಿರಿಯಸ್’ ಎಂಬ ಇನ್ನೊಂದು ಸಲಕರಣೆ ಕೋಡ್ ಹುಟ್ಟಿಸುವ ಗೋಜಿಗೇ ಹೋಗಲಿಲ್ಲ. ವಿವರಣೆಯನ್ನು ನೇರವಾಗಿ ಓದಿಕೊಂಡು ನಡೆಯುತ್ತದೆ. ಬಣ್ಣ ಬದಲಿಸಿ ಉಳಿಸಿದರೆ ತೆರೆದಿರುವ ಚಿತ್ರದಲ್ಲೇ ಕಾಣುತ್ತದೆ. ದೊಡ್ಡ ಎಂಜಿನಿಯರಿಂಗ್ ವ್ಯವಸ್ಥೆಗಳ ನಕ್ಷೆ ಬಿಡಿಸಲು ಥೇಲ್ಸ್ ರೂಪಿಸಿದ ‘ಕಪೆಲ್ಲಾ’ ಇದರ ಮೇಲೆಯೇ ನಿಂತಿದೆ.