ಓವನ್‌ನಲ್ಲಿ ಬೆಂದ ಗ್ರಾಫಿಕ್ಸ್ ಕಾರ್ಡ್

‘ಕಂಪ್ಯೂಟರ್ ಆನ್ ಮಾಡಿದರೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಭೋರ್ ಎನ್ನುತ್ತದೆ, ಪರದೆ ಮಾತ್ರ ಕಪ್ಪು. ಕಾರ್ಡನ್ನು ಓವನ್‌ನಲ್ಲಿಟ್ಟು ಬೇಯಿಸಿದರೆ ಸರಿಹೋಗುತ್ತದಂತೆ, ಹೌದೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಸ್ವಲ್ಪ ತಡೆಯಿರಿ, ಓವನ್ ಈಗಲೇ ಹಚ್ಚಬೇಡಿ.

ಮೊದಲು ಸದ್ದಿನ ವಿಚಾರ. ಗರಗರ ಎಂದರೆ ಫ್ಯಾನಿನ ಬೇರಿಂಗ್ ಸವೆದಿದೆ, ಇಲ್ಲವೇ ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ. ಕೀಂ ಎಂಬ ಸಣ್ಣ ಸಿಳ್ಳೆ ಕಾರ್ಡಿನ ಕಾಯಿಲ್‌ಗಳದ್ದು. ವಿದ್ಯುತ್ ಏರಿಳಿದಂತೆ ಅವು ಕಂಪಿಸುತ್ತವೆ. ಕಿರಿಕಿರಿಯೇ ಹೊರತು ಅಪಾಯವಿಲ್ಲ. ನಿಮ್ಮದು ಮೂರನೆಯ ಬಗೆ. ವೇಗ ಇಷ್ಟಿರಲಿ ಎಂದು ಹೇಳಬೇಕಾದ ಚಿಪ್ಪೇ ಏಳದಿದ್ದರೆ ಎಷ್ಟೋ ಕಾರ್ಡುಗಳ ಫ್ಯಾನು ತಾನಾಗಿ ಪೂರ್ತಿ ವೇಗಕ್ಕೆ ಹೋಗುತ್ತದೆ. ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. 2003ರಲ್ಲಿ ಬಂದ ಎನ್‌ವಿಡಿಯಾದ ‘ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ’ ಸರಿಯಿದ್ದಾಗಲೇ ಎಷ್ಟು ಅರಚುತ್ತಿತ್ತೆಂದರೆ, ಕಂಪನಿಯೇ ತನ್ನನ್ನು ಗೇಲಿ ಮಾಡಿಕೊಂಡು ಒಂದು ವಿಡಿಯೊ ತೆಗೆಯಿತು!

ಪವರ್ ಸಪ್ಲೈಯಿಂದ ಬರುವ 6 ಅಥವಾ 8 ಪಿನ್ನಿನ ವೈರು ಕಾರ್ಡಿಗೆ ಸರಿಯಾಗಿ ಕೂತಿದೆಯೇ ನೋಡಿ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ದೊಡ್ಡ ಕಾರ್ಡಿಗೆ ಅದು ಯಾವ ಮೂಲೆಗೂ ಸಾಲದು. ಆಮೇಲೆ ಪ್ಲಗ್ ಕಿತ್ತು, ಕಾರ್ಡ್ ಹೊರತೆಗೆದು, ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಧೂಳು ಊದಿ, ಮತ್ತೆ ಟಕ್ ಎನ್ನುವ ತನಕ ಒತ್ತಿ. ಆಯುಧಪೂಜೆಯಲ್ಲಿ ಎರಚಿದ ಅರಿಸಿನ ಕುಂಕುಮ ಹೀಟ್‌ಸಿಂಕಿನ ಸಂದಿಯಲ್ಲಿ ಧೂಳಿನೊಂದಿಗೆ ಹೆಪ್ಪುಗಟ್ಟಿದ್ದನ್ನು ಕಂಡಿದ್ದೇನೆ. ಪೂಜೆ ಧಾರಾಳವಾಗಿ ಮಾಡಿ, ಆದರೆ ಗಾಳಿ ಎಳೆದುಕೊಳ್ಳುವ ಜಾಲರಿಯ ಮೇಲೇ ಯಾಕ್ರೀ? ಇಷ್ಟಾದರೂ ಚಿತ್ರ ಬಾರದಿದ್ದರೆ ಕಾರ್ಡನ್ನು ಸ್ನೇಹಿತರ ಪಿಸಿಗೆ ಹಾಕಿ ನೋಡಿ. ದೋಷ ಯಾರದೆಂದು ಇತ್ಯರ್ಥವಾಗುತ್ತದೆ.

ಕಾರ್ಡಿನದೇ ಎಂದಾದರೆ ಓವನ್ ಮಾತಿಗೆ ಬರೋಣ. ಈ ಮೂಢನಂಬಿಕೆಯ ಹಿಂದೆ ಸೊಗಸಾದ ಭೌತವಿಜ್ಞಾನವಿದೆ. ಗ್ರಾಫಿಕ್ಸ್ ಚಿಪ್ ತನ್ನ ಹಸಿರು ತಳದ ಮೇಲೆ ಮಕಾಡೆ ಮಲಗಿರುತ್ತದೆ. ನಡುವೆ ಸಾವಿರಾರು ಬೆಸುಗೆಯ ಹನಿಗಳು, ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಬಿಸಿಯಾದಾಗ ಸಿಲಿಕಾನ್ ಹಿಗ್ಗುವುದಕ್ಕಿಂತ ಐದಾರು ಪಟ್ಟು ಹೆಚ್ಚು ಆ ತಳ ಹಿಗ್ಗುತ್ತದೆ. ಗೇಮ್ ಆಡಿದಾಗ ಹಿಗ್ಗು, ನಿಲ್ಲಿಸಿದಾಗ ಕುಗ್ಗು. ಈ ಜಗ್ಗಾಟದಲ್ಲಿ ಹನಿಗಳು ದಿನದಿನವೂ ನುಲಿದು, ಕೊನೆಗೊಂದು ದಿನ ಸೀಳುತ್ತವೆ. ಇದಕ್ಕೆ ಸದ್ದೇ ಇಲ್ಲ. ಚಿಪ್ ಮತ್ತು ತಳದ ದುರ್ಬಲ ಸಾಮಗ್ರಿಯಿಂದ ಲ್ಯಾಪ್‌ಟಾಪ್ ಚಿಪ್‌ಗಳು ಹೀಗೇ ಕೈಕೊಟ್ಟವೆಂದು 2008ರ ಜುಲೈಯಲ್ಲಿ ಎನ್‌ವಿಡಿಯಾ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು.

‘ಬೇಯಿಸಿದರೆ ಬೆಸುಗೆ ಕರಗಿ ಕೂಡಿಕೊಳ್ಳುತ್ತದೆ’ ಎನ್ನುತ್ತಾರಲ್ಲ, ಲೆಕ್ಕ ಹಾಕಿ. ಓವನ್ ಪಂಡಿತರು ಹೇಳುವುದು 200 ಡಿಗ್ರಿ ಸೆಲ್ಸಿಯಸ್. ಸೀಸವಿಲ್ಲದ ತವರ-ಬೆಳ್ಳಿ-ತಾಮ್ರದ ಬೆಸುಗೆ ಕರಗುವುದು ಸುಮಾರು 217ಕ್ಕೆ. 2008ರ ಆ ಚಿಪ್‌ಗಳ ಒಳಹನಿಗಳಲ್ಲಿ ಸೀಸವೇ ಹೆಚ್ಚು, ಅವಕ್ಕೆ 300 ದಾಟಬೇಕು. ಅಂದರೆ ಕರಗಿದ್ದು ಏನೂ ಇಲ್ಲ! ಬಿಸಿಗೆ ಹಿಗ್ಗಿ ಸೀಳಿನ ಎರಡು ತುಟಿಗಳು ಒಂದಕ್ಕೊಂದು ತಾಗಿದವು, ಕಾರ್ಡ್ ಎದ್ದು ಕೂತಿತು, ಪವಾಡವೆಂದು ಸುದ್ದಿಯಾಯಿತು. ಒಂದಷ್ಟು ಸಲ ಬಿಸಿಯಾಗಿ ತಣಿದರೆ ಸೀಳು ಮತ್ತೆ ಬಾಯಿ ಬಿಡುತ್ತದೆ. ಇತ್ತ ಪ್ಲಾಸ್ಟಿಕ್ಕಿನ ಹೊಗೆ ಉಂಡ ಓವನ್‌ನಲ್ಲಿ ನೀವು ಕೇಕ್ ಮಾಡಬೇಕು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘ರೀಬಾಲಿಂಗ್’ ಮಾಡಿಕೊಡುವ ಅಂಗಡಿಗಳಿವೆ. ಕೈಚಳಕದ ಕೆಲಸ, ಸಂಶಯವಿಲ್ಲ. ಆದರೆ ಅವರು ಬದಲಿಸುವುದು ಹಸಿರು ತಳದ ಕೆಳಗೆ, ಅದನ್ನು ಕಾರ್ಡಿಗೆ ಬೆಸೆಯುವ ದೊಡ್ಡ ಗುಂಡುಗಳನ್ನು. ಸೀಳಿರುವುದು ಮೇಲಿನ ಪುಟ್ಟ ಹನಿಯಾಗಿದ್ದರೆ ಆ ಬಿಸಿಯೂ ಓವನ್ನಿನಂತೆ ತಾತ್ಕಾಲಿಕ ಉಪಶಮನವೇ. ದುಡ್ಡು ಕೊಡುವ ಮುನ್ನ, ಹೊಸ ಚಿಪ್ ಹಾಕುತ್ತೀರೋ ಹಳೆಯದನ್ನೇ ಮತ್ತೆ ಕೂರಿಸುತ್ತೀರೋ ಎಂದು ಕೇಳಿಕೊಳ್ಳಿ. ಹಳೆಯದೇ ಎಂದರೆ ಆ ಹಣವನ್ನು ಹೊಸ ಕಾರ್ಡಿಗೆ ಎತ್ತಿಡಿ.