ಬಳ್ಳಾರಿಯ ಮೊದಲ ಕಾರ್ಖಾನೆ

ಗಣಿಯೂರಿನ ಮ್ಯೂಸಿಯಂನಲ್ಲಿ ನಾಲ್ಕು ಸಾವಿರ ವರ್ಷ ಹಿಂದಿನ ಕೊಡಲಿ, ಕಾಳು, ಬೂದಿಯ ಕಥೆ

ಬಳ್ಳಾರಿ ಎಂದೊಡನೆ ಹೊರಗಿನವರ ಬಾಯಿಗೆ ಬರುವುದು ಬಿಸಿಲು, ಗಣಿ, ಜೀನ್ಸ್ ಪ್ಯಾಂಟು. ಊರಿನವರಾದರೆ ಕೋಟೆಯನ್ನೂ ಸೇರಿಸಿಯಾರು. ಕಲ್ಲುಕೊಡಲಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಈ ಊರಿನ ಮೊದಲ ಕೈಗಾರಿಕೆ ಅದೇ ಆಗಿತ್ತು ಎಂಬುದಕ್ಕೆ ಸಾಕ್ಷಿ ಇರುವುದು ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪ್ರಾಕ್ತನ ಸಂಗ್ರಹಾಲಯದಲ್ಲಿ. ಹೆಸರು ಉದ್ದ. ಅದರೊಳಗಿನ ಕಾಲ ಇನ್ನೂ ಉದ್ದ.

ಇದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಪ್ರಾಗಿತಿಹಾಸ ತಜ್ಞ ರವಿ ಕೋರಿಶೆಟ್ಟರ್. ಆದಿಮಾನವರ ತಲೆಬುರುಡೆಯ ಪ್ರತಿಕೃತಿಗಳ ಮುಂದೆ ಶಾಲೆಯ ಮಕ್ಕಳು ಗುಂಪುಗಟ್ಟುವುದು ಸಹಜ. ನನ್ನನ್ನು ಕೇಳಿದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಕೊಡಲಿಗಳ ಹತ್ತಿರ ನಿಲ್ಲಿ. ಅದರಲ್ಲೂ ಅರ್ಧಕ್ಕೆ ಕೆಟ್ಟ ಕೊಡಲಿಗಳ ಹತ್ತಿರ.

ಸಂಗನಕಲ್ಲು ಬಳ್ಳಾರಿಯಿಂದ ಕೆಲವೇ ಕಿಲೋಮೀಟರ್. ಅಲ್ಲಿ ಹಿರೇಗುಡ್ಡ, ಸಣ್ಣರಾಚಮ್ಮ ಗುಡ್ಡ, ಚೌಡಮ್ಮ ಗುಡ್ಡ. ಗ್ರಾನೈಟ್ ಬಂಡೆಗಳನ್ನು ಸೀಳಿಕೊಂಡು ಹಿರೇಗುಡ್ಡದ ಮೇಲೆ ಹಾದುಹೋಗುವ ಕರಿಕಲ್ಲಿನ ಪಟ್ಟೆಗೆ ಭೂವಿಜ್ಞಾನಿಗಳು ಡಾಲರೈಟ್ ಡೈಕ್ ಎನ್ನುತ್ತಾರೆ. ಕೊಡಲಿ ಮಾಡುವವರಿಗೆ ಅದೇ ಗಣಿ, ಅದೇ ಕಾರ್ಖಾನೆ. ಮೊದಲು ಕಲ್ಲಿನ ದಿಮ್ಮಿ ಒಡೆಯಬೇಕು. ಅಂಚಿನಿಂದ ಚಕ್ಕೆ ಎಬ್ಬಿಸಿ ಆಕಾರ ತರಬೇಕು. ಆಮೇಲೆ ಒರಳಿಗೆ ಕುಳಿ ಹಾಕುವವರಂತೆ ಮೆಲ್ಲಗೆ ಕುಟ್ಟಿ ಕುಟ್ಟಿ ಉಬ್ಬುತಗ್ಗು ತೆಗೆಯಬೇಕು. ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ತಿಕ್ಕಬೇಕು, ಬಾಯಿ ಹರಿತವಾಗಿ ಮೈ ನುಣುಪಾಗುವ ತನಕ. ತಿಕ್ಕಿ ತಿಕ್ಕಿ ಬಂಡೆಯಲ್ಲೇ ಉದ್ದನೆಯ ತೋಡುಗಳು ಬಿದ್ದಿವೆ.

ಕುಟ್ಟುವ ಹಂತ ದಾಟಿ, ಇನ್ನು ಉಜ್ಜಿದರೆ ಮುಗಿಯಿತು ಎನ್ನುವಾಗ ನಡುವೆ ಬಿರುಕು ಬಿಟ್ಟರೆ ಅಷ್ಟೂ ದುಡಿಮೆ ದಂಡ. ಹಾಗೆ ಕೆಟ್ಟದ್ದನ್ನು ಅಲ್ಲೇ ಎಸೆದರು. ಚಕ್ಕೆಗಳೂ ಅಲ್ಲೇ ರಾಶಿ ಬಿದ್ದವು. ಒಂದು ಊರಿಗೆ ಇಷ್ಟೊಂದು ಕೊಡಲಿ ಬೇಕಿರಲಿಲ್ಲ, ಹೊರಗಿನ ಊರುಗಳಿಗೂ ಹೋಗುತ್ತಿದ್ದವು ಎಂದು ತಜ್ಞರು ಲೆಕ್ಕ ಹಾಕಿದ್ದೇ ಆ ರಾಶಿಯಿಂದ. ಗೆದ್ದ ಕೊಡಲಿ ಯಾರದೋ ಕೈಸೇರಿ ಕಾಡು ಕಡಿಯಲು ಹೋಯಿತು, ಸೋತ ಕೊಡಲಿ ಇಲ್ಲೇ ಉಳಿದು ಕಸುಬು ಹೇಳಿಕೊಡುತ್ತಿದೆ. ಅದನ್ನು ಎಸೆದವನು ಯಾವ ಭಾಷೆಯಲ್ಲಿ ಬೈದುಕೊಂಡನೋ!

ಫೂಟ್ ಸಾಹೇಬರ ಹೆಸರು, ಮದ್ರಾಸಿನ ಪೆಟ್ಟಿಗೆ

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರಲ್ಲಿ ಹುಟ್ಟಿದ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸೇರಿದರು. 1863ರಲ್ಲಿ ಮದ್ರಾಸ್ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಅವರ ಕಣ್ಣಿಗೆ ಬಿತ್ತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಶುರುವಾಗುವುದು ಅಲ್ಲಿಂದ. ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತ ಅವರ ಪುಸ್ತಕ 1895ರದ್ದು. ಅದಿರು ಹುಡುಕಲು ಬಂದವರು ಆದಿಮಾನವರನ್ನು ಹುಡುಕಿಕೊಂಡು ಕೂತರು ಅನ್ನಿ. ಅವರ ಜೀವಮಾನದ ಸಂಗ್ರಹ 1904ರಲ್ಲಿ ಮದ್ರಾಸಿನ ಸರ್ಕಾರಿ ಮ್ಯೂಸಿಯಂ ಸೇರಿತು. ಆಗ ಬಳ್ಳಾರಿಯೂ ಮದ್ರಾಸಿನದೇ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಫೂಟ್ ಆರಿಸಿದ ಕಲ್ಲುಗಳು ಬರಲಿಲ್ಲ. ಹೆಸರು ಇಲ್ಲಿ, ಪೆಟ್ಟಿಗೆ ಮದ್ರಾಸಿನ ಎಗ್ಮೋರಿನಲ್ಲಿ.

ಈ ಸೀಮೆಯ ಬೂದಿದಿಬ್ಬಗಳು ಹೇಗಾದವು ಎಂಬ ಒಗಟು ಬಿಡಿಸಲು ಹೊರಟವರಲ್ಲಿ ಫೂಟ್ ಕೂಡ ಒಬ್ಬರು. ಕುಡತಿನಿಯ ಬಳಿ ಇಂಥದೊಂದು ದಿಬ್ಬವಿದೆ. ಹಂಪಿ ಸೀಮೆಯ ನಿಂಬಾಪುರದಲ್ಲಿರುವುದನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಜ್ವಾಲಾಮುಖಿ ಎಂದವರೂ ಉಂಟು, ಲೋಹ ಕರಗಿಸಿದ ಕುಲುಮೆ ಎಂದವರೂ ಉಂಟು. ಇದು ಸಗಣಿಯ ಬೂದಿ ಎಂದರು ಫೂಟ್. ನಂಬಲು ತಡವಾಯಿತು. 1960ರ ಸುಮಾರಿಗೆ ವಿಜ್ಞಾನಿ ಝಾಯ್ನರ್ ನಡೆಸಿದ ಪರೀಕ್ಷೆ ಅದನ್ನೇ ಹೇಳಿತು. ಉಟ್ನೂರಿನ ದಿಬ್ಬ ಅಗೆದ ಪುರಾತತ್ವಜ್ಞ ಆಲ್ಚಿನ್‌ಗೆ ಬೂದಿಯಲ್ಲೇ ದನದ ಗೊರಸಿನ ಗುರುತು ಸಿಕ್ಕಿತು. ದನದ ದೊಡ್ಡಿಯಲ್ಲಿ ಸಗಣಿ ಗುಡ್ಡೆಯಾಗುವುದು, ಅದಕ್ಕೆ ಬೆಂಕಿ ಇಡುವುದು, ಮತ್ತೆ ಗುಡ್ಡೆಯಾಗುವುದು. ತಲೆಮಾರುಗಟ್ಟಲೆ ಹೀಗೇ ನಡೆದಿದೆ. ಕಸ ಸುಟ್ಟದ್ದೋ ಹಬ್ಬದ ಬೆಂಕಿಯೋ ಎಂಬ ವಾದ ಇನ್ನೂ ಆರಿಲ್ಲ. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡವರ ಒಲವು ಯಾವ ಕಡೆಗೆಂದು ಹೇಳಬೇಕಿಲ್ಲ.

ದನ ಕಾಯುವವರು ಉಣ್ಣುತ್ತಿದ್ದದ್ದು ಏನು? ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಸುಟ್ಟು ಕರಿಕಾದ ಕಾಳು ತೇಲಿ ಬರುತ್ತದೆ. ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಹೀಗೆ ಸೋಸಿ ಗುರುತಿಸಿದ್ದು ಕೊರಲೆ, ಹುರುಳಿ, ಹೆಸರು. ಸಿರಿಧಾನ್ಯ ಮೇಳದಲ್ಲಿ ಇವತ್ತು ಹೊಸ ವಸ್ತುವಿನಂತೆ ಪ್ಯಾಕೆಟ್ಟಿನಲ್ಲಿ ಮಾರುವ ಅದೇ ಕೊರಲೆ. ಬಳ್ಳಾರಿ ತನ್ನದೇ ಎಂದುಕೊಂಡಿರುವ ರೊಟ್ಟಿಯ ಜೋಳ ಆಫ್ರಿಕಾ ಮೂಲದ್ದು, ಅದರ ಪಕ್ಕದ ಖಾರದ ಮೆಣಸಿನಕಾಯಿ ಅಮೆರಿಕದ್ದು. ಹುರುಳಿ ಮಾತ್ರ ಕದಲದೆ ಕೂತಿದೆ.

ಮ್ಯೂಸಿಯಂ ನೋಡಿದವರು ಅಲ್ಲಿಂದಲೇ ಮನೆಗೆ ಹೋದರೆ ಅರ್ಧ ನೋಡಿದಂತೆ. ಉಳಿದರ್ಧ ಗುಡ್ಡದ ಮೇಲಿದೆ. ಸಂಗನಕಲ್ಲಿನ ನೆರೆಯ ಕಪ್ಪಗಲ್ಲಿನ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲಿನ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಬ್ರಿಟಿಷ್ ಅಧಿಕಾರಿ ಫಾಸೆಟ್ 1892ರಲ್ಲೇ ಇವುಗಳ ಬಗ್ಗೆ ಬರೆದಿದ್ದ. ಆಮೇಲೆ ವಿದ್ವಾಂಸರು ಬಹುಮಟ್ಟಿಗೆ ಮರೆತರು. ಪುರಾತತ್ವಜ್ಞೆ ನಿಕೋಲ್ ಬೊಯಿವಿನ್ ಮತ್ತೆ ದಾಖಲಿಸಿದ್ದು ಈ ಶತಮಾನದ ಆರಂಭದಲ್ಲಿ. ಅಷ್ಟರಲ್ಲಿ ಕಲ್ಲು ಒಡೆಯುವವರು ಗುಡ್ಡಕ್ಕೆ ಬಾಯಿ ಹಾಕಿಯಾಗಿತ್ತು.

ಆ ಬಂಡೆಗಳಲ್ಲಿ ಕೆಲವಕ್ಕೆ ದನಿಯಿದೆ. ಮೈಮೇಲೆ ಸಣ್ಣ ಸಣ್ಣ ಕುಳಿ, ಮತ್ತೆ ಮತ್ತೆ ಅದೇ ಜಾಗಕ್ಕೆ ಬಡಿದು ಆದದ್ದು. ಗುಂಡುಕಲ್ಲಿನಿಂದ ತಟ್ಟಿದರೆ ಗಂಟೆ ಬಾರಿಸಿದಂತೆ ಠಣ್ ಎನ್ನುತ್ತದೆ. ಆ ದನಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಉಪಾಯ ಯಾರಿಗೂ ಹೊಳೆದಿಲ್ಲ. ಊರೊಳಗಿನ ಮ್ಯೂಸಿಯಂನ ಕೊಡಲಿಗಳೂ ಅದೇ ಕರಿಕಲ್ಲು. ತಟ್ಟಿ ನೋಡಲು ಬಿಡುವುದಿಲ್ಲ, ಅಷ್ಟೆ.